ಸ್ಕೂಟರಿನ ಉಪವಾಸ

ಸಹನಾ, ವಿಜು, ಇಬ್ಬರೂ ಇಲ್ಲಿ ಕೇಳಿರಿ. ನಿಮ್ಮ ಅಜ್ಜ ಒಂದು ಸ್ಕೂಟರನ್ನು ಉಪವಾಸ ಕೆಡವಿ ಸೊರಗಿಸಿದ ಮನುಷ್ಯ! ನಗು ಬಂದರೆ ನಗಿರಿ. ಆ ಕಾಲಕ್ಕೆ ಬಸವನ ಬಾಗೇವಾಡಿಯಲ್ಲಿ ನಗದೆ ಉಳಿದವರೇ ಇರಲಿಲ್ಲ, ಇನ್ನಿಬ್ಬರು ಸೇರಿದರೆ ಅವರಿಗೇನೂ ನಷ್ಟವಿಲ್ಲ. ಊರ ಗಂಡಸರೆಲ್ಲ ಎತ್ತಿಗೆ ಹಿಂಡಿ ತಿನ್ನಿಸಿ ಮೈ ಬರಿಸಲು ಒದ್ದಾಡುತ್ತಿದ್ದರೆ, ಇವರೊಬ್ಬರು ಬೆಳಗೆದ್ದು ಸ್ಕೂಟರಿನ ಪಕ್ಕೆ ತಟ್ಟಿ ನೋಡಿ, "ಇನ್ನೂ ಅರ್ಧಾ ಕಿಲೋ ಇಳೀಬೇಕ್ ನೋಡು" ಎನ್ನುತ್ತಿದ್ದರು. ವೈದ್ಯರು ಕೂಡ ರೋಗಿಗೆ ಅಷ್ಟು ಪಥ್ಯ ಹೇಳುವುದಿಲ್ಲ.

ಮೊನ್ನೆ ವಿಜು ಹಿಟ್ಟಿನ ಡಬ್ಬಿಯ ಮೇಲಿನ ಕರಿ ಮುಚ್ಚಳವನ್ನು ಒಂದೇ ಬೆರಳ ಮೇಲೆ ನಿಲ್ಲಿಸಿ, "ಆಯಿ, ಇದು ಎದರದ್ದು? ಪ್ಲಾಸ್ಟಿಕ್ಕಾ, ತಗಡಾ?" ಎಂದು ಕೇಳಿದ. ನಾನು ಮಾತಿಗೆ ನಿಧಾನ. ಬಾಯಿ ತೆರೆಯುವಷ್ಟರಲ್ಲಿ ಅವನು ಅದನ್ನು ಢಾಲು ಮಾಡಿಕೊಂಡು ಸಹನಾಳ ಜೊತೆ ಯುದ್ಧಕ್ಕೆ ಹೊರಟು ಹೋಗಿದ್ದ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲವಲ್ಲ, ಅದೊಂದು ಸುಖ.

ಮೊದಲೇ ಹೇಳಿಬಿಡುತ್ತೇನೆ, ಅಜ್ಜನ ಹೆಸರನ್ನು ಈ ಬರಹದ ಸಾಲುಗಳಲ್ಲಿ ಹುಡುಕಬೇಡಿರಿ. ಗಂಡನ ಹೆಸರು ಹಿಡಿಯಬಾರದೆಂದು ನಮಗೆ ಕಲಿಸಿದ್ದರು. ಮದುವೆಯಲ್ಲಿ ಒಡಪು ಹಾಕಿ, ಪದ್ಯದೊಳಗೆ ಸೇರಿಸಿ ಹೇಳಿದ್ದೇ ಒಂದು ಸಲ, ಅದೂ ಪಕ್ಕದಲ್ಲಿ ಕೂತವರಿಗೂ ಕೇಳಿಸದಷ್ಟು ಮೆಲ್ಲಗೆ. ಅವರೂ ನನ್ನ ಹೆಸರು ಹಿಡಿದು ಕರೆದವರಲ್ಲ. "ಏ, ಕೇಳಿಲ್ಲಿ" ಎಂಬುದೇ ನನ್ನ ಹೆಸರಾಗಿತ್ತು. ಎಷ್ಟೆಂದರೆ ಪಕ್ಕದ ಮನೆಯ ಗಂಡ ತನ್ನ ಹೆಂಡತಿಯನ್ನು ಹಾಗೆ ಕರೆದರೂ ನಾನು "ಆಂ?" ಎನ್ನುತ್ತಿದ್ದೆ!

ಅಜ್ಜನ ಕೆಲಸ ಸುಟ್ಟ ಪಂಪಿನ ಮೋಟರುಗಳಿಗೆ ತಂತಿ ಸುತ್ತಿ ಕೊಡುವುದು. ಇಂಡಿ ಊರಿನ ನಿಂಬೆ ತೋಟವಿರಲಿ, ಸಿಂದಗಿಯ ಬಾವಿಯಿರಲಿ, ಮುದ್ದೇಬಿಹಾಳದ ಹೊಲವಿರಲಿ, ಮೋಟರು ಸುಟ್ಟಿತೆಂದರೆ ಸ್ಕೂಟರು ಏರಿ ಹೋಗುತ್ತಿದ್ದರು. ಅಚ್ಚ ಉಕ್ಕಿನ ಹಳೇ ಸ್ಕೂಟರು ಅದು. ನನಗೆ ಬರುತ್ತಿದ್ದುದು ಎರಡೇ, ಹೊಲಿಯುವುದು ಮತ್ತು ಸುಮ್ಮನಿರುವುದು.

ಆ ಹೊಲಿಗೆಯಿಂದಲೇ ಎಲ್ಲ ಶುರುವಾಯಿತು. ಹೂವಿನ ಹಿಪ್ಪರಗಿಯ ಆಚೆ, ಕಚ್ಚಾ ರಸ್ತೆಯ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳಿಗಾಗಿ ಹೊಲಿಗೆ ಕೇಂದ್ರ ತೆರೆದರು. ಏಳನೇ ಇಯತ್ತೆ ಓದಿದ ನನಗೆ ಶಿಕ್ಷಕಿಯ ಕೆಲಸದ ಆರ್ಡರು ಬಂತು. ಮದುವೆಯಾಗಿ ಹದಿನೆಂಟು ವರ್ಷಕ್ಕೆ ನನ್ನ ಹೆಸರು ಬರೆದ ಕಾಗದವೊಂದು ಮನೆಗೆ ಬಂದದ್ದು ಅದೇ ಮೊದಲು! ಅದನ್ನು ಜೋಳದ ಡಬ್ಬಿಯೊಳಗೆ ಮುಚ್ಚಿಟ್ಟು, ಜೋಳ ತೆಗೆಯುವ ನೆವದಲ್ಲಿ ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದೆ. ಆ ತಿಂಗಳು ಮನೆಯವರು ರೊಟ್ಟಿ ಉಂಡಿದ್ದೇ ಉಂಡಿದ್ದು.

ತೊಡಕು ಬಂದದ್ದು ಹೊತ್ತಿನದು. ಕ್ಲಾಸು ಹತ್ತಕ್ಕೆ, ಬಸ್ಸು ಇಳಿಸಿ ನಡೆಸಿ ನನ್ನನ್ನು ಅಲ್ಲಿಗೆ ಮುಟ್ಟಿಸುತ್ತಿದ್ದುದು ಹನ್ನೆರಡಕ್ಕೆ. ಮೇಲಿನ ಮೇಡಮ್ಮು ಬಂದು ಮೆತ್ತಗೇ ಹೇಳಿದರು, "ಬ್ಯಾಸಗಿ ಸೂಟಿ ಮುಗಿಯೂತನಕಾ ನೋಡ್ತೇನ್ರಿ ಅಕ್ಕಾರ. ಆಮ್ಯಾಗೂ ಹೊತ್ತಿಗೆ ಬರಾಕ ಆಗ್ಲಿಲ್ಲಂದ್ರ ಬ್ಯಾರೇದಾರಿಗೆ ಕೊಡಬೇಕಾಗ್ತೈತಿ."

ಅಜ್ಜ ಕೂಡಲೇ ತೀರ್ಮಾನ ಕೊಟ್ಟರು. "ಸ್ಕೂಟರ್ ನೀ ತಗೊಂಡ್ ಹೋಗು. ನನಗ ಬಸ್ ಸಾಕು."

ಕಲಿಸಿದರು. ಓಡಿಸುವುದು ಬಂತು, ಗೇರು ಬಂತು, ಬ್ರೇಕೂ ಬಂತು. ಬರದೇ ಇದ್ದುದು ಒಂದೇ, ಗಾಡಿಯನ್ನು ಸ್ಟ್ಯಾಂಡಿಗೆ ಎಳೆದು ನಿಲ್ಲಿಸುವುದು. ಓಡುವ ಗಾಡಿ ಎಲ್ಲಿಯಾದರೂ ನಿಲ್ಲಲೇಬೇಕಲ್ಲ! ಒಂದು ದಿನ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿ ಮುಂದೆ ಎಳೆಯಲು ಹೋದೆ. ಗಾಡಿ ನನ್ನ ಕಡೆ ವಾಲಿತು. ನಾನು ಕೆಳಗೆ, ಅದು ಮೇಲೆ. ಚಹಾ ಕುಡಿಯುತ್ತಿದ್ದವರೆಲ್ಲ ಗ್ಲಾಸು ಹಿಡಿದುಕೊಂಡೇ ಎದ್ದು ನಿಂತು ನೋಡಿದರು. ಅಜ್ಜ ಓಡಿ ಬಂದು ಮೊದಲು ಎತ್ತಿದ್ದು ಯಾರನ್ನು ಹೇಳಿ? ಸ್ಕೂಟರನ್ನು! ಅವರ ತಪ್ಪಲ್ಲ, ನಾನು ಅದರ ಅಡಿಯಲ್ಲಿದ್ದೆ.

ಆ ಚಹಾದಂಗಡಿಯಲ್ಲಿ ನನ್ನ ಭಾವನೂ ಕೂತಿದ್ದರು, ಅಜ್ಜನ ಅಣ್ಣ. ನಮ್ಮ ಕಡೆ ತಮ್ಮನ ಹೆಂಡತಿ ಭಾವನ ಎದುರು ಸೆರಗು ಸರಿಸುವುದಿಲ್ಲ, ಮಾತಾಡುವುದಂತೂ ದೂರ. ಹದಿನೆಂಟು ವರ್ಷದಲ್ಲಿ ನಾನು ಅವರ ಚಪ್ಪಲಿ ನೋಡಿದ್ದೇ ಹೆಚ್ಚು, ಮುಖ ಕಡಿಮೆ. ಅವರು ಎಲ್ಲರಿಗೂ ಕೇಳಿಸುವಂತೆ ಹೇಳಿದರು, "ತಮ್ಮಾ, ಹೇಣ್ತಿಗಿ ನಾಕ್ ತಿಂಗಳ ಹಾಲು ತುಪ್ಪಾ ಹಾಕಿ ಗಟ್ಟಿ ಮಾಡು. ಇಲ್ಲಂದ್ರ ಮನ್ಯಾಗ ಕುಂದರ್ಸು. ಹೆಣಮಕ್ಕಳಿಗೆ ಇದೆಲ್ಲಾ ಏನ್ ನೀಗ್ತೈತೋ?"

ಅಜ್ಜ ನನ್ನ ಸೀರೆಯ ಧೂಳು ಜಾಡಿಸುತ್ತ ಹೇಳಿದ್ದು ಇಷ್ಟೇ. "ಆಕಿ ತೂಕಾ ಬರೋಬ್ಬರಿ ಐತಿ ಅಣ್ಣಾ. ಗಾಡಿ ತೂಕಾ ತಪ್ಪೈತಿ."

ಮಕ್ಕಳೇ, ಆ ಮಾತನ್ನು ಇನ್ನೊಮ್ಮೆ ಓದಿರಿ. ಅಂಗಿ ಬಿಗಿಯಾದರೆ ದರ್ಜಿಯನ್ನು ಬಯ್ಯುತ್ತಾರೆ, ಹೆಣ್ಣುಮಕ್ಕಳಿಗೆ ಗಾಡಿ ಭಾರವಾದರೆ ಮಾತ್ರ ಹೆಣ್ಣುಮಕ್ಕಳನ್ನೇ ಬಯ್ಯುತ್ತಾರೆ. ನಮ್ಮೂರಲ್ಲಿ ತಪ್ಪು ಗಾಡಿಯದು ಎಂದ ಮೊದಲ ಗಂಡಸು ನಿಮ್ಮ ಅಜ್ಜ. ಹುಚ್ಚನೆಂದರು. ಎನ್ನಲಿ.

ಮರುದಿನವೇ ಸ್ಕೂಟರನ್ನು ಅಡತಿ ಅಂಗಡಿಗೆ ಒಯ್ದು ಚೀಲ ತೂಗುವ ಕಾಟಾದ ಮೇಲೆ ಹತ್ತಿಸಿದರು. ಹಮಾಲ ಕಣ್ಣು ಕಣ್ಣು ಬಿಟ್ಟ.

"ಇದ್ಯಾವ ಮಾಲ್ರೀ? ತೊಗರಿನೋ, ಕುಸುಬಿನೋ?"

"ಉಪವಾಸಕ್ಕ ಕುಂದ್ರಸೂ ಮಾಲು. ನೀ ತೂಕಾ ಹೇಳು."

ಒಂದು ಕ್ವಿಂಟಲ್ ಮೇಲೆ ಎಂಟು ಕಿಲೋ! ನಾನು ಎಷ್ಟಿದ್ದೆನೆಂದು ಕೇಳಬೇಡಿರಿ. ನನ್ನನ್ನೂ ಹತ್ತು ಎಂದರು, ಹತ್ತಲಿಲ್ಲ.

ಹಗುರ ಗಾಡಿಯನ್ನೇ ಕೊಂಡು ತರಬಹುದಿತ್ತಲ್ಲ ಎನ್ನುತ್ತೀರಿ. ಭಾವನೂ ಅದನ್ನೇ ಕೇಳಿದರು. "ಅದು ಕಂಪನಿಯಾವ್ರು ಮಾಡಿದ ಹಗುರ ಅಣ್ಣಾ. ನಾ ಮಾಡಿದ್ದಲ್ಲ," ಎಂದರು ಅಜ್ಜ.

ಉಪವಾಸ ಶುರುವಾಯಿತು. ಮೊದಲು ಹಿಂದಿನ ಕ್ಯಾರಿಯರು ಹೋಯಿತು. ಕಾಲಡಿಯ ರಬ್ಬರು ಹೋಯಿತು. ಕೀಲಿಗೊಂಚಲಿನಲ್ಲಿ ಒಂದು ಪುಟ್ಟ ಹಿತ್ತಾಳೆ ಬಸವಣ್ಣನಿದ್ದ, ಅವನನ್ನೂ ಬಿಚ್ಚಿದರು. ನಮ್ಮತ್ತೆ, ಅಂದರೆ ಅಜ್ಜನ ತಾಯಿ, ಸಿಟ್ಟಾದರು. "ಎಪ್ಪಾ, ದೇವರನ್ನರ ಬಿಡೋ!"

"ಬಸವಣ್ಣಗ ನಾಕ್ ಕಾಲ್ ಅದಾವ ಯವ್ವಾ. ಬೇಕಂದ್ರ ನಡಕೊಂತ ಬರ್ತಾನ."

ಆಮೇಲೆ ಸ್ಟೆಪ್ನಿ ತೆಗೆದರು. ಅದು ಎಂಟು ಕಿಲೋ ಎಂದು ಮೀಸೆ ತಿರುವಿದರು. ಮೂರನೇ ದಿನ ಮುದ್ದೇಬಿಹಾಳದ ದಾರಿಯಲ್ಲಿ ಗಾಲಿ ಪಂಕ್ಚರು! ಸುತ್ತ ಎಲ್ಲಿ ನೋಡಿದರೂ ಕರಿ ಹೊಲ, ನೆರಳಿಗೆ ಒಂದು ಜಾಲಿ ಗಿಡವೂ ಇಲ್ಲ. ಸಂಜೆಯವರೆಗೆ ನೂಕಿಕೊಂಡು ಬಂದು, ಬೆವರಿನಲ್ಲಿ ತೊಯ್ದು, ಬಾಗಿಲಲ್ಲಿ ಕುಸಿದು ಕೂತರು. ನೀರು ಕೊಟ್ಟೆ. ಕುಡಿದು ಏನಂದರು ಗೊತ್ತೇ?

"ಸ್ಟೆಪ್ನಿ ಇರಲಿಲ್ಲಲಾ, ನೂಕಾಕ ಭಾಳ ಹಗುರಾತು."

ಮಾರನೆಯ ದಿನ ಸ್ಟೆಪ್ನಿ ಸುಮ್ಮನೆ ತನ್ನ ಜಾಗಕ್ಕೆ ಬಂದು ಕೂತಿತು.

ಬಿಚ್ಚಿ ಬಿಚ್ಚಿ ಬಿಚ್ಚುವುದಕ್ಕೆ ಏನೂ ಉಳಿಯದಿದ್ದಾಗ, ಸಿಂದಗಿಯ ರದ್ದಿ ಅಂಗಡಿಯಿಂದ ಇಂಗ್ಲಿಷಿನ ಒಂದು ಹರಕು ಪುಸ್ತಕ ತಂದರು. ಅದರಲ್ಲಿ ರೇಸಿನ ಕಾರಿನ ಚಿತ್ರ. ಅಜ್ಜನಿಗೆ ಇಂಗ್ಲಿಷು ಬಾರದು. ಹೈಸ್ಕೂಲಿನ ಮಾಸ್ತರರನ್ನು ಹಿಡಿದು ಓದಿಸಿದರು. ಹಾಗೆ ನಮ್ಮ ಮನೆಗೆ "ಕಾರ್ಬನ್ ಫೈಬರ್" ಎಂಬ ಮಾತು ಕಾಲಿಟ್ಟಿತು. ಹೆದರಬೇಡಿರಿ, ಕಾರ್ಬನ್ ಫೈಬರ್ ಎಂದರೆ ಇದ್ದಿಲಿನಂಥದ್ದರ ಎಳೆ, ಕೂದಲಿಗಿಂತ ತೆಳು. ಆ ಎಳೆಗಳ ಬಟ್ಟೆಗೆ ಅಂಟು ಕುಡಿಸಿ, ಪದರಿನ ಮೇಲೆ ಪದರು ಇಟ್ಟು ಒಣಗಿಸಿದರೆ ತಗಡಿನಷ್ಟು ಗಟ್ಟಿ, ತಗಡಿಗಿಂತ ಎಷ್ಟೋ ಹಗುರ. ಸ್ಕೂಟರಿನ ಎರಡು ಪಕ್ಕದ ಉಕ್ಕಿನ ಮುಚ್ಚಳ, ಮುಂದಿನ ಮಡ್‌ಗಾರ್ಡು, ಸೀಟಿನ ತಳ, ಇಷ್ಟನ್ನೂ ಮನೆಯಲ್ಲೇ ಅದರಿಂದ ಮಾಡಿ ಹಾಕುವುದು ಅಜ್ಜನ ಹಂಚಿಕೆ.

ಬಟ್ಟೆ ತಂದುಕೊಟ್ಟವರು ಇಂಡಿಯ ದಸ್ತಗೀರಣ್ಣ. ನಿಂಬೆಹಣ್ಣಿನ ಲಾರಿ ಪುಣೆಗೆ ಒಯ್ಯುತ್ತಿದ್ದರು, ಅಜ್ಜನ ಹಳೆಯ ದೋಸ್ತ. ಬರುವಾಗ ಅಲ್ಲಿಯ ಯಾವುದೋ ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ತುಣುಕುಗಳನ್ನು ಖಾಲಿ ಚೀಲಗಳ ನಡುವೆ ಸುತ್ತಿ ತಂದರು.

"ವೈನಿ, ಇದು ಬಟ್ಟಿನೋ, ಕೂದಲೋ, ನನಗಂತೂ ತಿಳೀವಲ್ದು. ನಿಮ್ಮ ಮನೀ ಮಂದಿಗೆ ಏನರ ಆಗೈತೇನು?"

"ಆಗೈತ್ರಿ," ಎಂದೆ. ಅಷ್ಟೇ ಹೇಳಲು ಬಂತು. ಕಪ್ಪಗೆ ಹೊಳೆಯುವ ಆ ತುಣುಕುಗಳಿಂದ ಒಂದು ವಾರ ಇಡೀ ಮನೆ ನಿಂಬೆಹಣ್ಣಿನ ವಾಸನೆ ಬಡಿಯಿತು.

ಮೊದಲ ದಿನ ಅಂಟಿಗೆ ಗಟ್ಟಿಯಾಗಿಸುವ ಔಷಧ ಹಾಕಿದರು. ಬೇಗ ಗಟ್ಟಿಯಾಗಲೆಂದು ನನ್ನ ಸಾರಿನ ಸೌಟಿನಲ್ಲಿ ಅಳೆದು ಧಾರಾಳವಾಗಿ ಹಾಕಿದರು. ಒಲೆ ಇಲ್ಲ, ಬೆಂಕಿ ಇಲ್ಲ, ಅಂಗಳದ ನಡುವೆ ಸ್ಟೀಲ್ ಬೋಗಾಣಿ ತಂತಾನೇ ಕಾದು ಹೊಗೆಯಾಡತೊಡಗಿತು! ಅತ್ತೆ ಕೂಗಿದರು, "ಬಾನಾಮತಿ! ಯಾರೋ ನಮ್ಮ ಮನಿಗೆ ಬಾನಾಮತಿ ಮಾಡಿಸ್ಯಾರ!" ಓಣಿಯೆಲ್ಲ ನೆರೆಯಿತು. ಅಜ್ಜ ತಣ್ಣಗೆ, "ಯಾರೂ ಮಾಡ್ಸಿಲ್ಲ ಯವ್ವಾ, ನಾನಽ ಮಾಡೀನಿ" ಎಂದರು. ಬಾನಾಮತಿ ಮಾಡಿದ್ದನ್ನು ಹೀಗೆ ಒಪ್ಪಿಕೊಂಡವರನ್ನು ಓಣಿ ಅಲ್ಲಿಯವರೆಗೆ ಕಂಡಿರಲಿಲ್ಲ.

ಎರಡನೆಯ ಸಲ ಅಳತೆ ಸರಿಯಾಯಿತು. ಹಳೆಯ ಉಕ್ಕಿನ ಮುಚ್ಚಳವನ್ನೇ ಅಚ್ಚು ಮಾಡಿಕೊಂಡು ಅದರ ಮೇಲೆ ಬಟ್ಟೆ, ಅಂಟು. ಅಂಟು ಉಕ್ಕಿಗೆ ಹತ್ತಬಾರದು, ಅದಕ್ಕೆ ಮೇಣ ತಿಕ್ಕಬೇಕೆಂದು ಪುಸ್ತಕದಲ್ಲಿತ್ತು. ಅಜ್ಜ ಕುಸುಬಿ ಎಣ್ಣೆ ಸವರಿದರು. "ಹಂಚಿಗೆ ಎಣ್ಣಿ ಹಚ್ಚಿದ್ರ ದ್ವಾಸಿ ಹತ್ತೂದಿಲ್ಲ, ಇದೇನ್ ಹತ್ತೀತು?" ಹತ್ತಿತು! ಎರಡು ದಿನ ಉಳಿ, ಸುತ್ತಿಗೆ, ಕೊನೆಗೆ ಹಾರೆ, ಏನು ಹಾಕಿದರೂ ಬಿಡಲಿಲ್ಲ. ಕಾಟಾಕ್ಕೆ ಒಯ್ದರೆ ಮುಚ್ಚಳ ಮೊದಲಿಗಿಂತ ಒಂದೂವರೆ ಕಿಲೋ ಹೆಚ್ಚು. ಹಮಾಲ ಕೇಳಿದ, "ಉಪವಾಸ ಬಿಟ್ಟಿತೇನ್ರಿ?"

ಮೂರನೆಯ ಸಲ ಮೇಣ ತಿಕ್ಕಿದರು. ಮುಚ್ಚಳ ಬಿಟ್ಟು ಬಂತು, ಕನ್ನಡಿಯಂತೆ ಹೊಳೆಯಿತು. ಹಿಗ್ಗಿ ಹೀರೇಕಾಯಿಯಾಗಿ ಅದನ್ನು ಹೊತ್ತುಕೊಂಡು ಚಹಾದಂಗಡಿಗೆ ಹೋದರು, ಅಣ್ಣನಿಗೆ ತೋರಿಸಲು. ಭಾವ ಎರಡೂ ಕೈಯಲ್ಲಿ ಹಿಡಿದು ತುಸು ಬಗ್ಗಿಸಿದರು. ಟಪ್! ಗೆರೆ ಕೊರೆದಂತೆ ನೆಟ್ಟಗೆ ಸೀಳಿ ಎರಡಾಯಿತು. "ಹಪ್ಪಳಾ ಚಲೋ ಮಾಡೀ ತಮ್ಮಾ," ಎಂದರಂತೆ ಭಾವ. ಅಂದು ಅಜ್ಜ ಊಟಕ್ಕೆ ಕೂತು ರೊಟ್ಟಿ ಮುರಿಯಲೇ ಇಲ್ಲ. ಬೇಸಿಗೆಯ ಸೂಟಿ, ಮೇಡಮ್ಮು ಕೊಟ್ಟ ಗಡುವು, ಮುಗಿಯಲು ಇನ್ನು ಹೆಚ್ಚು ದಿನಗಳಿರಲಿಲ್ಲ.

ನಾನು ಅಲ್ಲೇ ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿಯುತ್ತಿದ್ದೆ. ಸೀಳಿದ ತುಣುಕನ್ನು ಎತ್ತಿ ನೋಡಿದೆ. ಎಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿದ್ದವು. ನಾಲ್ಕು ಪದರಿದ್ದರೂ ನಾಲ್ಕೂ ಉದ್ದಕ್ಕೆ! ಹೇಳಬೇಕೋ ಬೇಡವೋ ಎಂದು ಬಹಳ ಹೊತ್ತು ಸೂಜಿಗೆ ದಾರ ಪೋಣಿಸುವಂತೆ ಮಾಡಿದೆ. ದಾರ ಆಗಲೇ ಪೋಣಿಸಿಯಾಗಿತ್ತು. ಕೊನೆಗೆ ಕೌದಿಗೆ ಹೇಳುವಂತೆ ಹೇಳಿದೆ.

"ಎಲ್ಲಾ ಉದ್ದಕ್ಕ ಹಾಕಿದ್ರ ಕೌದೀನೂ ಹರೀತೈತಿ. ಒಂದ್ ಪದರು ಉದ್ದ, ಒಂದ್ ಅಡ್ಡ. ನಡುವ ಒಂದ್ ಓರೆ. ಓರೆ ಇದ್ರ ಜಗ್ಗಿದ್ರೂ ತಡೀತೈತಿ, ಬಳುಕಿದಲ್ಲೆಲ್ಲಾ ಚಂದ ಕುಂದರ್ತೈತಿ. ಕುಬಸದ ತೋಳು ಓರೆ ಕತ್ತರಸೂದು ಸುಮ್ನ ಏನ್ರಿ?"

ಅಜ್ಜ ನನ್ನನ್ನು ನೋಡಿದರು. ಕೌದಿಯನ್ನು ನೋಡಿದರು. "ಏ, ಕೇಳಿಲ್ಲಿ," ಎಂದರು. "ಇದನ್ನ ಮೊದಲಽ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಈಗ ಊರಿನವರು ಬೇಕಾದ್ದು ಹೇಳಲಿ, ಇಪ್ಪತ್ತು ವರ್ಷ ಸುಮ್ಮನಿದ್ದೆ, ಇಂದು ಬರೆದು ಇಡುತ್ತೇನೆ. ಆ ಸ್ಕೂಟರಿನ ಕರಿ ಮುಚ್ಚಳಗಳ ಒಂದೊಂದು ಪದರನ್ನೂ ಕತ್ತರಿಸಿದ್ದು ನಾನು, ಹಾಸಿದ್ದು ನಾನು, ಒಳಗೆ ಸಿಕ್ಕ ಗಾಳಿಯ ಗುಳ್ಳೆಯನ್ನು ಲಟ್ಟಣಿಗೆಯಿಂದ ಅಂಚಿಗೆ ಒತ್ತಿ ಹೊರಹಾಕಿದ್ದು ನಾನು. ಅಜ್ಜನ ಕೆಲಸ ಅಂಟು ಕಲಸಿ ಸವರುವುದು. ಮೈಕೈಯೆಲ್ಲ ತುರಿಕೆ. ಆ ಲಟ್ಟಣಿಗೆ ಮತ್ತೆ ಚಪಾತಿಗೆ ಬರಲಿಲ್ಲ. ಒತ್ತಿ ಮುಗಿಸಿದ್ದನ್ನು ಮಾಳಿಗೆಗೆ ಹತ್ತಿಸಿ, ನನ್ನ ಶಾವಿಗೆ, ಸಂಡಿಗೆಗಳ ಪಕ್ಕದಲ್ಲಿ ಒಣ ಹಾಕುತ್ತಿದ್ದೆವು. ಕಾಯಿಸಲು ದೊಡ್ಡ ಭಟ್ಟಿ ಬೇಕೆಂದು ಪುಸ್ತಕದಲ್ಲಿತ್ತಂತೆ. ಅಜ್ಜ ಆಕಾಶ ನೋಡಿ ನಕ್ಕರು. ನಮ್ಮ ಸೀಮೆಯ ಮೇ ತಿಂಗಳ ಬಿಸಿಲನ್ನು ಹಾಡಿ ಹೊಗಳಿದ ಮನುಷ್ಯರನ್ನು ನಾನು ಕಂಡದ್ದು ಅವರೊಬ್ಬರನ್ನೇ.

ಯಾರಾದರೂ ಕೇಳಿದರೆ ಮಾತ್ರ, "ನಿಮ್ಮ ಕೈ ಕೆಲಸಾ ಅಂತ್ಲೇ ಹೇಳ್ರಿ. ನನ್ನ ಸುದ್ದಿ ತಗೀಬ್ಯಾಡ್ರಿ, ನನಗ ನಾಚಿಕಿ ಬರ್ತೈತಿ" ಎಂದು ನಾನೇ ಆಣೆ ಹಾಕಿಸಿದ್ದೆ. ಅವರೂ ಹಾಗೇ ಹೇಳಿಕೊಂಡು ತಿರುಗಿದರು. ಎಷ್ಟು ಚೆನ್ನಾಗಿ ಹೇಳುತ್ತಿದ್ದರೆಂದರೆ ಕೆಲವು ಸಲ ನನಗೇ ಸಿಟ್ಟು ಬರುತ್ತಿತ್ತು!

ಸೂಟಿಯ ಕೊನೆಯ ದಿನ ಕಾಟಾ ಹೇಳಿತು, ತೊಂಬತ್ತಕ್ಕೆ ಒಂದು ಕಿಲೋ ಕಡಿಮೆ. ಹಮಾಲ ಸ್ಕೂಟರಿಗೆ ಕೈ ಮುಗಿದ.

ಮರುದಿನ ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೆ. ನೇರ ಹಿಪ್ಪರಗಿಯ ದಾರಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಬಸ್ ಸ್ಟ್ಯಾಂಡಿನ ಕಡೆ ತಿರುಗಿಸಿದೆ. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ! ಅದೇ ಚಹಾದಂಗಡಿ, ಅದೇ ಬೆಂಚು, ಅದೇ ಭಾವ. ನಿಲ್ಲಿಸಿದೆ. ಕಾಲು ಒತ್ತಿ, ಉಸಿರು ಹಿಡಿದು, ಎಳೆದೆ. ಟಕ್! ಗಾಡಿ ಸ್ಟ್ಯಾಂಡಿನ ಮೇಲೆ ಕುಳಿತಿತು. ಒಂದು ಸಲ ಸೀಟು ಒರೆಸಿದೆ. ಒರೆಸುವುದಕ್ಕೆ ಅಲ್ಲೇನೂ ಇರಲಿಲ್ಲ. ಮತ್ತೆ ಗಾಡಿ ಇಳಿಸಿ ಚಾಲು ಮಾಡಿದೆ. ನೋಡಿದರೆ ಭಾವ ಗ್ಲಾಸು ಹಿಡಿದು ದಾರಿಯ ನಡುವೆಯೇ ನಿಂತುಬಿಟ್ಟಿದ್ದಾರೆ. ಹಾರ್ನಿಗೆ ಕೈ ಹಾಕಿದರೆ, ಅದನ್ನೂ ಅಜ್ಜ ತೂಕವೆಂದು ಬಿಚ್ಚಿಟ್ಟಿದ್ದರು! ಇನ್ನೇನು ಮಾಡಲಿ? ಹದಿನೆಂಟು ವರ್ಷದಲ್ಲಿ ಭಾವನ ಜೊತೆ ಆಡಿದ ಮೊದಲ ಮಾತು ನನ್ನ ಬಾಯಿಂದ ಹೊರಬಿತ್ತು.

"ಹಾದಿ ಬಿಡ್ರಿ! ಗಾಡಿ ಬರಾಕತ್ತೈತಿ!"

ಬಿಟ್ಟರು. ಹತ್ತಕ್ಕೆ ಐದು ನಿಮಿಷವಿರುವಾಗ ಕೇಂದ್ರದ ಬಾಗಿಲು ತೆಗೆದೆ. ಅಂದು ಸಂಜೆ ಭಾವ ನಮ್ಮ ಮನೆಗೆ ಬಂದು ತಮ್ಮನಿಗೆ ಹೇಳಿದರು, "ನಿನ್ನ ಹೇಣ್ತಿ ದನಿ ಹಿಂಗೈತಿ ಅಂತ ಇವತ್ತಽ ಗೊತ್ತಾತು ನೋಡಪಾ." ಒಳಗೆ ಹಿಟ್ಟು ನಾದುತ್ತಿದ್ದ ನಾನು ನಾಚಿ ಬೆವೆತೆ. ಆದರೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೀಯಾ ಎಂದು ಕೇಳಿದ್ದರೆ, ಇಲ್ಲ.

ಉಪವಾಸದ ಕಥೆಗೆ ಒಂದು ಬಾಲವೂ ಇದೆ. ಆಷಾಢದ ಗಾಳಿ ಬೀಸತೊಡಗಿದಾಗ ಆ ಬಯಲು ದಾರಿಯಲ್ಲಿ ಬಸ್ಸೊಂದು ಪಕ್ಕದಲ್ಲಿ ಹಾದರೆ ಸಾಕು, ನನ್ನ ಸ್ಕೂಟರು ಮಾರುದ್ದ ಸರಿದು ನಿಲ್ಲುತ್ತಿತ್ತು. ಬಂದು ಹೇಳಿದೆ. ಅಜ್ಜ ಗಂಭೀರವಾಗಿ ಯೋಚಿಸಿ ಪರಿಹಾರ ಕೊಟ್ಟರು, "ಡಿಕ್ಕಿಯೊಳಗ ಎಂಟ್ ಕಿಲೋ ಜ್ವಾಳಾ ಇಟ್ಕೊಂಡ್ ಹೋಗು!"

ಮರುವರ್ಷದ ಮಳೆಗಾಲ ಮುಗಿದ ಮೇಲೆ ಎಡಗಡೆಯ ಮುಚ್ಚಳ ಬಿಚ್ಚಿ ಒಳಗಿನ ಕೆಸರು ತೊಳೆಯುತ್ತಿದ್ದೆ. ಕೆಸರು ಹೋದ ಜಾಗದಲ್ಲಿ ಏನೋ ಬೆಳ್ಳಗೆ ಕಂಡಿತು. ಅಂಟಿನ ಪದರಿನ ಕೆಳಗೆ, ಗಾಜಿನೊಳಗೆ ಇಟ್ಟಂತೆ ಒಂದು ಚೂರು ಕಾಗದ. ಅಜ್ಜನ ಕೋಳಿಗಾಲಿನ ಅಕ್ಷರ. "ಬಟ್ಟಿ ಹಾಸಿದಾಕಿ ಗೌರವ್ವ. ಅಂಟು ಹಚ್ಚಿದಾವ ಆಕಿ ಗಂಡ."

ಓಡಿ ಹೋಗಿ ತೋರಿಸಿದೆ. "ಆಣೆ ಹಾಕಿದ್ದೆನಲ್ರಿ, ಯಾರಿಗೂ ಹೇಳಬ್ಯಾಡ್ರಿ ಅಂತ!"

"ನಾ ಎಲ್ಲಿ ಹೇಳೀನಿ? ಬರದೀನಿ," ಎಂದರು, ತಂತಿ ಸುತ್ತುವುದನ್ನು ನಿಲ್ಲಿಸದೆ.

"ಬಸವಣ್ಣನನ್ನ ಇಳಿಸಿದ್ರಿ. ಹಾರ್ನ್ ಇಳಿಸಿದ್ರಿ. ಇದರ ತೂಕಾ ಲೆಕ್ಕಕ್ಕ ಬರಲಿಲ್ಲೇನು?"

ಅವರು ಆಗ ತಲೆ ಎತ್ತಿದರು. "ಇಷ್ಟ್ ತೂಕಾ ಇರಲಿ ಬಿಡು," ಎಂದರು.

ಸ್ಕೂಟರು ಹೋಗಿ ಬಹಳ ವರ್ಷವಾಯಿತು. ಅಜ್ಜ ಹೋಗಿ ಆರು ವರ್ಷ. ಆ ಎಡಗಡೆಯ ಮುಚ್ಚಳವೇ ಈಗ ಹಿಟ್ಟಿನ ಡಬ್ಬಿಯ ಮೇಲಿದೆ, ಅದಕ್ಕೆ ತುಕ್ಕು ಹಿಡಿದಿಲ್ಲ. ವಿಜು, ಯುದ್ಧ ಮುಗಿದ ಮೇಲೆ ಅದನ್ನು ತಿರುಗಿಸಿ ಬೆಳಕಿಗೆ ಹಿಡಿದು ನೋಡು, ಓದಲು ಬರುತ್ತದೆ. ಅಲ್ಲಿ ನನ್ನ ಹೆಸರಿದೆ, ಅವರದಿಲ್ಲ. ಅದು ನನಗೆ ಸರಿ ಕಾಣಲಿಲ್ಲ. ಅದಕ್ಕೇ ಈ ಕೊನೆಯ ಹಾಳೆಯ ಹಿಂಬದಿಯಲ್ಲಿ ಅವರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಹೇಳಿಲ್ಲ, ಬರೆದಿದ್ದೇನೆ. ನನ್ನ ಮುಂದೆ ಗಟ್ಟಿಯಾಗಿ ಓದಬೇಡಿರಿ, ನಾಚಿಕೆಯಾಗುತ್ತದೆ. ಆದರೆ ಹಾಳೆ ಹರಿಯದಂತೆ, ತೊಯ್ಯದಂತೆ ಇಟ್ಟುಕೊಳ್ಳಿರಿ. ಭಾರವೇನೂ ಇಲ್ಲ.